ಅಂಗೈ ಬಿಸಿ

ಅಂಗೈ ತಿಕ್ಕಿ ಬಿಸಿ ಮಾಡಿಕೊಂಡು ಕಣ್ಣಿನ ಮೇಲೆ ಇಟ್ಟುಕೊಳ್ಳಿರಿ ಎಂದು ಮಕ್ಕಳಿಗೆ ಹೇಳುವಾಗಲೆಲ್ಲ ಅಮೋಘಸಿದ್ದನಿಗೆ ತಾನು ಯಾರಿಗೋ ಮೋಸ ಮಾಡುತ್ತಿದ್ದೇನೆ ಎನ್ನಿಸುತ್ತಿತ್ತು. ಇವತ್ತೂ ಎನ್ನಿಸಿತು. ಖೂಬಾ ಪ್ಲಾಟಿನಲ್ಲಿ ಶಾಲೆಗೆಂದು ಹಿಡಿದ ಬಾಡಿಗೆ ಮನೆಯ ನಡುಮನೆಯಲ್ಲಿ, ಮಾಸಿದ ಜಮಖಾನೆಯ ಮೇಲೆ ಮಕ್ಕಳು ಧ್ಯಾನಕ್ಕೆ ಕೂತಿದ್ದರು. ಕೂತಿದ್ದರು ಎನ್ನುವುದೂ ಒಂದು ಮಾತಿಗೆ. ಒಬ್ಬ ಗೋಡೆಗೆ ಮುಖ ಹಾಕಿ ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದ, ಒಬ್ಬಳು ಪಕ್ಕದವಳ ಜಡೆಯ ರಿಬ್ಬನ್ನು ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದಳು. ಇವರ ನಡುವೆ ತಾನು ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿದಂತೆ ನಟಿಸಿ, ರೆಪ್ಪೆಯ ಸಂದಿಯಿಂದ ಎಲ್ಲರನ್ನೂ ಕಾಯುತ್ತ 'ಉಸರ ಒಳಗ ತಗೋರಿ, ಹಗೂರ್ಕ ಬಿಡ್ರಿ' ಎನ್ನುತ್ತಿದ್ದ. ಅವನು ಯೋಗದ ಮಾಸ್ತರನೇ ಅಲ್ಲ, ಚಿತ್ರದ ಮಾಸ್ತರ. ಯೋಗ ಮತ್ತು ಚಿತ್ರಕಲೆಯಿಂದ ಬುದ್ಧಿಮಾಂದ್ಯ ಮಕ್ಕಳ ಮನಸ್ಸು ತಿಳಿಯಾಗುತ್ತದೆಂದು ಸಂಸ್ಥೆಯವರು ಎಲ್ಲೋ ಓದಿಕೊಂಡು ಬಂದಾಗ, ಇನ್ನೊಬ್ಬ ಮಾಸ್ತರನನ್ನು ಇಡುವ ತಾಕತ್ತಿಲ್ಲದೆ ಇವನನ್ನೇ ಒಂದು ಶಿಬಿರಕ್ಕೆ ಕಳಿಸಿದ್ದರು. ಹಾಳೂರಿಗೆ ಉಳಿದವನೇ ಗೌಡ. ಶಿಬಿರದಲ್ಲಿ ಇವನಿಗೆ ಸೊಂಟ ಹಿಡಿದಿತ್ತು. ಸ್ಟೇಶನ್ ಬಜಾರದ ಲಾಡ್ಜುಗಳಿಗೆ ಬೋರ್ಡು ಬರೆದು ಬದುಕುತ್ತಿದ್ದವನು, ತನ್ನ ಮನಸ್ಸೇ ಒಂದು ದಿನ ತಿಳಿಯಾದದ್ದು ನೆನಪಿಲ್ಲದವನು, ಈ ಮಕ್ಕಳಿಗೆ ಶಾಂತಿ ಹಂಚಲು ಕೂತಿದ್ದಾನೆ. ಶವಾಸನ ಕಲಿಸುವಾಗ ಬಾಯಿಗೆ ಬಂದಂತೆ 'ಹೆಣದಂಗ ಬೀಳ್ರಿ' ಎಂದುಬಿಟ್ಟಿದ್ದ. ಅದನ್ನು ಕೇಳಿಸಿಕೊಂಡ ಒಬ್ಬ ಪಾಲಕ ಬಾಗಿಲಲ್ಲೇ ನಿಂತು, 'ದೇವರು ಮೊದಲೇ ಹಿಂಗ ಮಾಡ್ಯಾನ, ನೀವು ಮ್ಯಾಲ ಹೆಣದ ಆಟ ಕಲಸ್ತೀರೇನ್ರಿ?' ಎಂದು ಮಕ್ಕಳ ಎದುರೇ ಬೈದುಹೋಗಿದ್ದ. ಅಂದಿನಿಂದ ಹೆಡ್‌ಮೇಡಂ ಸೂಗಮ್ಮ ಅದಕ್ಕೆ 'ಆರಾಮ' ಎಂದು ಹೆಸರಿಟ್ಟರು. ಹೆಸರು ಬದಲಾದರೂ ಶಿವಕಾಂತಮ್ಮನಿಗೆ ಮಾತ್ರ ಅದು ಆರಾಮವಾಗಲಿಲ್ಲ. ಮಲಗು ಎಂದರೆ ಸಾಕು, ಕಟ್ಟಿಗೆಯ ಹಾಗೆ ಬಿಗಿದುಕೊಂಡು ಅಳುತ್ತಿದ್ದಳು.

ಈ ಶಿವಕಾಂತಮ್ಮನನ್ನು ಎಲ್ಲರೂ ಕಾಂತಿ ಎನ್ನುತ್ತಿದ್ದರು. ಕಮಲಾಪುರದವಳು, ಹಿಂದಿನ ಕೋಣೆಗಳಲ್ಲಿದ್ದ ಹಾಸ್ಟೆಲಿನಲ್ಲಿ ಇರುತ್ತಿದ್ದಳು. ಮೈ ನೆರೆದ ಹುಡುಗಿ, ಮಾತು ಬೆರಳೆಣಿಕೆ. ಬಂದ ಹೊಸತರಲ್ಲಿ ಯಾರಾದರೂ ಮುಟ್ಟಿದರೆ ಬಿಸಿನೀರು ಬಿದ್ದವಳಂತೆ ಕೈ ಕೊಡವುತ್ತಿದ್ದಳು. ಯೋಗದ ಹೊತ್ತಿನಲ್ಲಿ ಬಾಗಿಲ ಚೌಕಟ್ಟಿಗೆ ಅಂಟಿಕೊಂಡು ನಿಂತುಬಿಡುತ್ತಿದ್ದಳು. ಒಂದು ವರ್ಷವೇ ಹಾಗೆ ನಿಂತಿರಬೇಕು. ಒಂದು ದಿನ ಎಲ್ಲ ಮುಗಿದು ಅಮೋಘಸಿದ್ದ ಕಣ್ಣು ಮುಚ್ಚಿ, ಅವತ್ತು ಖರೇನೇ ಮುಚ್ಚಿ, ರೂಮಿನ ಬಾಡಿಗೆ, ಊರಿಗೆ ಹೋಗದೆ ಉಳಿದದ್ದು, ಅದೂ ಇದೂ ನೆನೆಯುತ್ತ ಕೂತಿದ್ದಾಗ ರೆಪ್ಪೆಗಳ ಮೇಲೆ ಎರಡು ಬಿಸಿ ಅಂಗೈಗಳು ಬಂದು ಕೂತವು. ಕ್ರೇಯಾನಿನ ಮೇಣದ ವಾಸನೆ. ಅವನು ಅಲುಗಾಡಲಿಲ್ಲ. ಕೈ ತೆಗೆದಾಗ ಎದುರಿಗೆ ಕಾಂತಿ ನಿಂತಿದ್ದಳು, ಇವನ ಕಣ್ಣು ತೆರೆಯುವುದನ್ನೇ ನೋಡುತ್ತ. ಆಮೇಲೆ ಅದೇ ಅವಳ ಕೆಲಸವಾಯಿತು. ಧ್ಯಾನ ಮುಗಿಯುವ ಹೊತ್ತಿಗೆ ಕೈ ತಿಕ್ಕಿಕೊಂಡು ಒಬ್ಬೊಬ್ಬರ ಮುಂದೆಯೂ ಬಂದು, ಅವರ ಕಣ್ಣಿಗೆ ಇಟ್ಟು, ತೆಗೆದು, ಅವರು ಕಣ್ಣು ಬಿಟ್ಟ ಮೇಲೆಯೇ ಮುಂದಿನವರ ಹತ್ತಿರ ಹೋಗುವುದು. ಸಂತೆಯ ದಿನ ಅವಳ ತಾಯಿ ಜಯದೇವಿ ಬಂದಾಗ ತಾಯಿಯನ್ನೂ ಕೂರಿಸಿದಳು. ಆ ಹೆಂಗಸು ಪದ್ಮಾಸನ ಬರದೆ ಸುಮ್ಮನೆ ಚಕ್ಕಳಮಕ್ಕಳ ಹಾಕಿ, ಸೆರಗು ಸರಿ ಮಾಡಿಕೊಂಡು ಕಣ್ಣು ಮುಚ್ಚಿದಳು. ಮಗಳು ಅಂಗೈ ಇಟ್ಟು ತೆಗೆದರೂ ಅವಳು ಕಣ್ಣು ಬಿಡಲಿಲ್ಲ. ಬೇಕೆಂದೇ ತಡಮಾಡಿ, ಮಗಳ ಮುಖದಲ್ಲಿ ಗಾಬರಿ ಹುಟ್ಟುವ ತನಕ ಮುಚ್ಚಿಕೊಂಡಿದ್ದು, ಆಮೇಲೆ ಫಕ್ಕನೆ ಕಣ್ಣು ಬಿಟ್ಟು 'ಬೆಳಗಾತು ನೋಡವ್ವ!' ಎಂದಳು. ಕಾಂತಿ ನಕ್ಕಿದ್ದು ಅವತ್ತೇ ಮೊದಲು, ಆಮೇಲೆ ತಾಯಿ ಬಂದಾಗಲೆಲ್ಲ ಅದೇ ಆಟ. ಅವತ್ತು ಹೋಗುವಾಗ ಜಯದೇವಿ ಅವನಿಗೆ ಕೈ ಮುಗಿದು, 'ಸರ್, ಇಕಿ ಹುಟ್ಟಿದಾಗಿಂದ ತಾನಾಗೇ ನನ್ನ ಮುಟ್ಟಿದ್ದಿಲ್ಲರಿ' ಎಂದಿದ್ದಳು. ಅಷ್ಟೇ ಹೇಳಿ ಚೀಲ ಎತ್ತಿಕೊಂಡಿದ್ದಳು. ತನ್ನ ಬದುಕಿನಲ್ಲಿ ತಾನು ಮಾಡಿದ ಒಂದೇ ಒಂದು ಕೆಲಸ ಅದು ಎಂದು ಅಮೋಘಸಿದ್ದ ನಂಬಿದ್ದ. ಅದೂ ತಾನು ಮಾಡಿದ್ದಲ್ಲ, ತಾನಾಗೇ ಆದದ್ದು, ಎಂಬುದು ಗೊತ್ತಿದ್ದೂ ನಂಬಿದ್ದ.

ಈಗ ಬಾಗಿಲಲ್ಲಿ ಸೂಗಮ್ಮ ಮೇಡಂ ನಿಂತು ಕೈಸನ್ನೆ ಮಾಡುತ್ತಿದ್ದರು. ಮೊದಲು ಅವನಿಗೆ ಬಂದ ಯೋಚನೆ, ತಾನು ಈಗಲೂ ಸಂಜೆ ಲಾಡ್ಜಿನ ಬೋರ್ಡು ಬರೆಯುವುದು ಇವರಿಗೆ ಗೊತ್ತಾಗಿರಬೇಕು ಎಂದು. ಹೊರಗೆ ಪಡಸಾಲೆಗೆ ಹೋದ. 'ಕಾಂತಿ ಅವ್ವ ಹೋಗಿಬಿಟ್ಟಾಳರಿ,' ಎಂದರು ಮೇಡಂ ಧ್ವನಿ ತಗ್ಗಿಸಿ. 'ಈಗ ಫೋನ್ ಬಂದಿತ್ತು. ಮುಂಜಾನೆ ಎದಿ ಹಿಡದದ ಅಂದಳಂತ, ಡಾಕ್ಟರ್ ಬರೂದ್ರಾಗ ಮುಗದೈತಿ. ಮಗಳ ಬರೋತನ ಎತ್ತಂಗಿಲ್ಲ ಅಂದಾರ. ನೀವ ಕರಕೊಂಡ ಹೋಗ್ಬೇಕು ಮಾಸ್ತರ್, ಆಕಿ ಮತ್ತ್ಯಾರ ಸಂಗಾಟಾನೂ ಬರಂಗಿಲ್ಲ.' ಅವನು ಆಗಲಿ ಎಂದ. 'ಹೇಳದ ಒಯ್ಯಬ್ಯಾಡ್ರಿ ಮತ್ತ. ಒಮ್ಮಿಗಿಲೇ ನೋಡಿದ್ರ ಹೌಹಾರ್ತಾಳ. ದಾರ್ಯಾಗ ಹ್ಯಾಂಗರ ಮಾಡಿ ತಿಳಿಸಿ ಹೇಳ್ರಿ.' ಹ್ಯಾಂಗ ಹೇಳ್ಲಿರಿ ಎಂದು ಕೇಳಬೇಕೆಂದುಕೊಂಡ. ಮೇಡಂ ಅವನ ಮುಖವನ್ನೇ ನೋಡುತ್ತ, ಅವರಿಗೂ ಗೊತ್ತಿಲ್ಲದ್ದಕ್ಕೆ ಸ್ವಲ್ಪ ಸಿಟ್ಟಾಗಿಯೇ, 'ಚಿತ್ರ ಬರದರ ತೋರಸ್ರಿ, ನಿಮಗ ಬರ್ತದಲ್ಲ' ಎಂದರು. ಒಳಗೆ ಮಕ್ಕಳು ಗಲಾಟೆ ಎಬ್ಬಿಸಿದ್ದರು. ಕಾಂತಿ ಮಾತ್ರ ಅವನ ಖಾಲಿ ಜಾಗದ ಮುಂದೆ ಕೈ ತಿಕ್ಕಿಕೊಂಡು ನಿಂತಿದ್ದಳು, ಅವನು ಬಂದು ಕೂತು ಕಣ್ಣು ಮುಚ್ಚಲೆಂದು. ಅವನು ಕೂತು ಕಣ್ಣು ಮುಚ್ಚಿದ. ಆ ಎರಡು ಕೈಗಳ ಕತ್ತಲಲ್ಲಿ ಸ್ವಲ್ಪ ಹೊತ್ತು ಹೆಚ್ಚೇ ಉಳಿದ, ಯಾಕೆಂದರೆ ಕಣ್ಣು ಬಿಟ್ಟರೆ ಅವಳನ್ನು ನೋಡಬೇಕಾಗಿತ್ತು.

ಊರಿಗೆ ಎಂದದ್ದೇ ಕಾಂತಿ ತಾನೇ ಚಪ್ಪಲಿ ಮೆಟ್ಟಿಕೊಂಡಳು. ಆಟೋದಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಹುಮನಾಬಾದ್ ಬಸ್ಸಿನ ಕಿಟಕಿಯ ಪಕ್ಕದಲ್ಲಿ, ಎಲ್ಲ ಕಡೆ ಅವಳು ಒಂದೇ ಮಾತು ಆಡಿದಳು: ಅವ್ವ. ಪ್ರಶ್ನೆಯಲ್ಲ, ಹೇಳಿಕೆ. ಅವನು ಪ್ರತಿ ಸಲವೂ ಹ್ಞೂಂ ಎಂದ. ಒಂದೊಂದು ಹ್ಞೂಂ ಎಂದಾಗಲೂ ತಾನು ಒಂದೊಂದು ಸುಳ್ಳು ಹೇಳಿದಂತಾಗಿ, ಬಸ್ಸು ಹೊರಟ ಮೇಲೆ ಹೇಳೋಣ, ಊರು ದಾಟಲಿ, ಟಿಕೇಟು ತೆಗೆಸಿದ ಮೇಲೆ ಎಂದು ಮುಂದಕ್ಕೆ ಹಾಕಿದ. ಕಂಡಕ್ಟರು ಕಾಂತಿಯ ಬಾಯಿಂದ ಸುರಿದ ಜೊಲ್ಲನ್ನೂ ಇವನನ್ನೂ ನೋಡಿ, 'ತಂಗೀನಾ?' ಎಂದು ಕೇಳಿದ. ಅಲ್ಲ ಎನ್ನಬೇಕೋ ಹೌದು ಎನ್ನಬೇಕೋ ತಿಳಿಯದೆ ಇವನು ಚಿಲ್ಲರೆ ಹುಡುಕಿದ. ಹೌದು ಎನ್ನಬಹುದಾಗಿತ್ತು. ಒಂದು ಕ್ಷಣ ನಾಚಿಕೆಯಾಯಿತು, ಆ ನಾಚಿಕೆಗಾಗಿ ಇನ್ನೂ ನಾಚಿಕೆಯಾಯಿತು. ಅವಳ ಜೊಲ್ಲನ್ನು ತನ್ನ ಕರವಸ್ತ್ರದಿಂದ ಒರೆಸಿದ, ಕಂಡಕ್ಟರಿಗೆ ಕಾಣುವ ಹಾಗೆ. ಶಾಲೆಯ ವರ್ಷದ ಚಿತ್ರಪ್ರದರ್ಶನದ ದಿನವೂ ಹೀಗೆಯೇ, ಯಾರಿಗೋ ಕಾಣುವ ಹಾಗೆ ಎಲ್ಲ ಮಾಡಿದ್ದ. ಕಾಂತಿ ಹಾಳೆಯನ್ನು ತುದಿಯಿಂದ ತುದಿಗೆ ಬರೀ ಕೆಂಪು ಬಳಿದಿದ್ದಳು. ಇದನ್ನು ಹಾಗೇ ತೂಗುಹಾಕಿದರೆ ಬಂದವರು ನಗುತ್ತಾರೆಂದು ಅವನು ಅದರ ಕೆಳಗೆ ಕರಿಯ ಗುಡ್ಡ ಎಳೆದು, ಒಂದು ಗಿಡ ನಿಲ್ಲಿಸಿ, ಎರಡು ಹಕ್ಕಿ ಹಾರಿಸಿ ಸೂರ್ಯಾಸ್ತ ಮಾಡಿಬಿಟ್ಟಿದ್ದ. ಅತಿಥಿಗಳು ಅದರ ಮುಂದೆಯೇ ಹೆಚ್ಚು ಹೊತ್ತು ನಿಂತು, 'ಖರೇನ ಈ ಮಕ್ಕಳು ಬರದದ್ದೇನ್ರಿ?' ಎಂದು ಕೇಳಿದರು. ಮೇಡಂ ಹೌದೆಂದರು. ಅಷ್ಟರಲ್ಲಿ ಕಾಂತಿ ಅವರೆಲ್ಲರ ಸೊಂಟದ ಸಂದಿಯಿಂದ ನುಗ್ಗಿ ಬಂದು, ಮುಷ್ಟಿಯಲ್ಲಿದ್ದ ಕೆಂಪು ಕ್ರೇಯಾನಿನಿಂದ ಗುಡ್ಡವನ್ನೂ ಗಿಡವನ್ನೂ ಹಕ್ಕಿಯನ್ನೂ ಬಳಿದು ಬಳಿದು ಮುಚ್ಚತೊಡಗಿದಳು. ಕೋಣನ ಮುಂದೆ ಕಿನ್ನರಿ, ಎಂದು ಯಾರೋ ಹಿಂದಿನಿಂದ ಪಿಸುಗುಟ್ಟಿದ್ದು ಅಮೋಘಸಿದ್ದನಿಗೆ ಕೇಳಿಸಿತು. ಅವರು ಕೋಣ ಎಂದದ್ದು ಯಾರಿಗೆ ಎಂದು ಅವನಿಗೆ ಇವತ್ತಿಗೂ ಖಾತ್ರಿಯಿಲ್ಲ. ಆ ಕೆಂಪು ಏನೆಂಬುದು ತಿಳಿದದ್ದು ಆಮೇಲೆ, ಜಯದೇವಿ ಚೀಲದಿಂದ ಕೆಂಪು ಬಾಳೆಯ ಗೊನೆ ತೆಗೆದಾಗ. 'ನಮ್ಮ ಹೊಲದ್ದರಿ, ಇಕಿ ಅದರಾಗೇ ಬೆಳದಾಕಿ' ಎಂದು ಎಲ್ಲ ಮಕ್ಕಳಿಗೂ ಒಂದೊಂದು ಹಣ್ಣು ಕೊಟ್ಟಿದ್ದಳು.

ಮಹಾಗಾಂವ ಕ್ರಾಸಿನಲ್ಲಿ ಬಸ್ಸು ನಿಂತಿತು. ಇನ್ನು ಹೇಳದಿದ್ದರೆ ಆಗುವುದಿಲ್ಲ. ಅವನು ಬಗಲಚೀಲದಿಂದ ಹಾಳೆ, ಕರಿಯ ಕ್ರೇಯಾನು ತೆಗೆದು ತೊಡೆಯ ಮೇಲಿಟ್ಟುಕೊಂಡ. ಕಾಂತಿ ಕಿಟಕಿ ಬಿಟ್ಟು ಹಾಳೆಯ ಕಡೆ ತಿರುಗಿದಳು. ಅವನ ಕೈ ಏನು ಬರೆಯಬೇಕೆಂದು ಅವನನ್ನು ಕೇಳಲಿಲ್ಲ. ಒಂದು ಉದ್ದನೆಯ ಗೆರೆ, ಅದು ಚಾಪೆ. ಅದರ ಮೇಲೆ ಅಂಗಾತ ಮಲಗಿದ ಒಬ್ಬ ಹೆಂಗಸು, ಕಾಲು ಜೋಡಿಸಿದ್ದು, ಹೆಬ್ಬೆರಳುಗಳಿಗೆ ಕಟ್ಟಿದ ದಾರ. ಅವನ ಊರು ಕುಸನೂರಿನ ಮನೆಯಲ್ಲಿ, ಸತ್ತ ದಿನ, ಅವನ ತಾಯಿ ಹಾಗೆಯೇ ಮಲಗಿದ್ದಳು. ಅವನು ಹೋಗಿ ಮುಟ್ಟುವ ಹೊತ್ತಿಗೆ ತಡವಾಗಿತ್ತು, ಪಕ್ಕದಲ್ಲಿ ಯಾರೋ ಊದಿನಕಡ್ಡಿ ಹಚ್ಚಿಟ್ಟಿದ್ದರು, ಇರುವೆಯೊಂದು ಅವಳ ಪಾದದ ಮೇಲೆ ಹರಿಯುತ್ತಿತ್ತು, ಅದನ್ನು ತೆಗೆಯಬೇಕು ತೆಗೆಯಬೇಕು ಎಂದುಕೊಳ್ಳುತ್ತಲೇ ಅವನು ನಿಂತಿದ್ದ. ಈಗ ಹಾಳೆಯ ಮೇಲೆ ಇರುವೆಯನ್ನು ಬರೆಯಲಿಲ್ಲ. ಹೆಂಗಸಿಗೆ ದೊಡ್ಡ ಕುಂಕುಮ ಇಟ್ಟ, ಜಯದೇವಿಯ ಕುಂಕುಮದಂತೆ. ಕಣ್ಣಿಗೆ ಎರಡು ಬಾಗಿದ ಗೆರೆ. 'ಅವ್ವ,' ಎಂದಳು ಕಾಂತಿ ಬೆರಳಿಟ್ಟು. 'ಹ್ಞೂಂ. ಅವ್ವ. ಅವ್ವ ಹಿಂಗ ಮಲಗ್ಯಾಳ ಕಾಂತಿ. ಆರಾಮ. ನಾವು ಆರಾಮ ಮಾಡ್ತೀವಲ್ಲ, ಹಂಗ. ಖರೆ ಅವ್ವ ಇನ್ನ ಏಳಂಗಿಲ್ಲ.' ಅವಳು ಅವನ ಬಾಯಿಯನ್ನೇ ನೋಡಿದಳು. 'ಏಳಂಗಿಲ್ಲ' ಎಂದು ಅವನು ಇನ್ನೊಮ್ಮೆ ಹೇಳಿದ. ಎದುರು ಸೀಟಿನ ಮುದುಕಿ ತಿರುಗಿ ನೋಡಿದಳು. ಕಾಂತಿಯ ಮೈ ಮೆಲ್ಲಗೆ ಬಿಗಿಯತೊಡಗಿತು, ಜಮಖಾನೆಯ ಮೇಲೆ ಮಲಗಿಸಿದಾಗ ಬಿಗಿಯುವ ಹಾಗೆ. ಕುತ್ತಿಗೆಯ ನರ ಎದ್ದವು, ಕಣ್ಣಲ್ಲಿ ನೀರು ತುಂಬಿತು. ಹಾಳೆಯನ್ನು ಅವನ ಕೈಯಿಂದ ಕಸಿದು ಎದೆಗೆ ಒತ್ತಿಕೊಂಡು ಕಿಟಕಿಗೆ ಹಣೆ ಹಚ್ಚಿದಳು. ತಿಳಿಯಿತು, ಎಂದುಕೊಂಡ ಅಮೋಘಸಿದ್ದ. ಅವಳಿಗೆ ತಿಳಿಯಿತು. ಅವನ ಎದೆಯಲ್ಲಿ ಸಂಕಟದ ಜೊತೆಗೇ ಒಂದು ಅಸಹ್ಯವಾದ ಸಮಾಧಾನ ಹುಟ್ಟಿತು. ಮೇಡಂ ಹೇಳಿದ್ದು ಆಯಿತು, ಚಿತ್ರದಿಂದಲೇ ಆಯಿತು. ನಾಳೆ ಶಾಲೆಯಲ್ಲಿ ಇದನ್ನು ಹೇಗೆ ಹೇಳಬೇಕೆಂದು ಒಳಗೇ ಮಾತು ಜೋಡಿಸಿಕೊಳ್ಳುತ್ತಿರುವುದು ಅರಿವಿಗೆ ಬಂದು, ಥೂ ಎಂದು ತನಗೇ ಉಗುಳಿಕೊಂಡ. ಆದರೂ ಮನಸ್ಸು ಮಾತು ಜೋಡಿಸುವುದನ್ನು ನಿಲ್ಲಿಸಲಿಲ್ಲ.

ಕಮಲಾಪುರದಲ್ಲಿ ಇಳಿದಾಗ ಬಿಸಿಲು ನೆತ್ತಿಯಿಂದ ಸರಿದಿತ್ತು. ಸ್ಟ್ಯಾಂಡಿನ ಎದುರು ತಳ್ಳುಗಾಡಿಗಳ ಮೇಲೆ ಕೆಂಪು ಬಾಳೆ. ಕಾಂತಿ ಅದರ ಕಡೆಗೂ ನೋಡಲಿಲ್ಲ. ಮನೆಯ ದಾರಿ ಅವಳಿಗೆ ಗೊತ್ತಿತ್ತು, ಅವನೇ ಹಿಂದೆ ಬಿದ್ದ. ಹಾಳೆ ಇನ್ನೂ ಎದೆಯ ಮೇಲೇ ಇತ್ತು. ಓಣಿಯ ತುದಿಗೆ ಬಂದಾಗ ತಾಳದ ಸದ್ದು ಕೇಳಿಸಿತು, ಭಜನೆ. ಬಾಗಿಲ ಮುಂದೆ ಗಂಡಸರು ಹೆಣ ಒಯ್ಯುವ ಬಿದಿರಿನ ವಿಮಾನ ಕಟ್ಟುತ್ತಿದ್ದರು. ನಾಲ್ಕು ಕಂಬ, ಮೇಲೆ ಗೋಪುರದ ಹಾಗೆ ಬಾಗಿಸಿದ ಬೆತ್ತ, ಅದಕ್ಕೆ ಬಾಳೆಯ ಸುಳಿ, ಚೆಂಡುಹೂವು. ನಡುವೆ ಒಬ್ಬರು ಕೂರುವಷ್ಟು ಜಾಗ. ಕೂರುವಷ್ಟು. ಅಮೋಘಸಿದ್ದನ ಕಾಲು ಅಲ್ಲೇ ನಿಂತಿತು. ಅವನಿಗೆ ಗೊತ್ತಿರಲಿಲ್ಲ ಎಂದಲ್ಲ. ಇದೇ ನಾಡಿನಲ್ಲಿ ಹುಟ್ಟಿ ಬೆಳೆದವನು, ಲಿಂಗವಂತರ ಮನೆಯಲ್ಲಿ ಸತ್ತವರನ್ನು ಕೂರಿಸುತ್ತಾರೆ, ಕೂರಿಸಿಯೇ ಒಯ್ಯುತ್ತಾರೆ, ಕೂರಿಸಿಯೇ ಮಣ್ಣಿಗಿಡುತ್ತಾರೆ ಎಂಬುದನ್ನು ಸಣ್ಣವನಿದ್ದಾಗಿನಿಂದ ನೋಡಿದ್ದ. ಓಣಿಯಲ್ಲಿ ಅಂಥ ವಿಮಾನ ಬಂದಾಗ ಗೋಡೆ ಹತ್ತಿ ನೋಡುತ್ತಿದ್ದ. ಆದರೆ ಬಸ್ಸಿನಲ್ಲಿ ಅವನ ಕೈ ಬರೆದದ್ದು ಅವನ ತಾಯಿಯನ್ನು. ಅವಳ ತಾಯಿಯನ್ನಲ್ಲ.

ಕಾಂತಿಯ ಕೈ ಹಿಡಿದು ಹಿಂದಕ್ಕೆ ಎಳೆಯಬೇಕೆಂದು ಮುಂದೆ ನುಗ್ಗಿದ. ಅಷ್ಟರಲ್ಲಿ ಹೆಂಗಸರು 'ಬಂತವ್ವ ಕೂಸು' ಎಂದು ಅತ್ತು ದಾರಿ ಬಿಟ್ಟಿದ್ದರು. ನಡುಮನೆಯಲ್ಲಿ ಗೋಡೆಗೆ ಆನಿಸಿ ಹಲಗೆಯ ಮೇಲೆ ಜಯದೇವಿಯನ್ನು ಕೂರಿಸಿದ್ದರು. ಚಕ್ಕಳಮಕ್ಕಳ ಹಾಕಿದ ಕಾಲು, ಹಸಿರು ಸೀರೆ, ಕೈತುಂಬ ಬಳೆ. ಹಣೆಯ ಮೇಲೆ ದಪ್ಪ ವಿಭೂತಿ, ಅದರ ಕೆಳಗೆ ಕುಂಕುಮ. ಎಡಗೈಯಲ್ಲಿ ಲಿಂಗ. ಬೆನ್ನು ನೆಟ್ಟಗೆ. ಕಣ್ಣು ಮುಚ್ಚಿತ್ತು. ತಲೆ ವಾಲದಂತೆ ಹಿಂದಿನಿಂದ ಒಂದು ಪಟ್ಟಿ ಕಟ್ಟಿದ್ದು ಹೂವಿನ ಮಾಲೆಗಳಲ್ಲಿ ಕಾಣುತ್ತಿರಲಿಲ್ಲ. ಇವನು ಇಷ್ಟು ವರ್ಷ ಕಲಿಸಿದ ಯಾವ ಮಗುವೂ ಅಷ್ಟು ಚೆನ್ನಾಗಿ ಕೂತಿರಲಿಲ್ಲ. ಕಾಂತಿ ಹೊಸ್ತಿಲಲ್ಲಿ ನಿಂತು ತಾಯಿಯನ್ನು ನೋಡಿದಳು. ಎದೆಯ ಮೇಲಿನ ಹಾಳೆಯನ್ನು ನೋಡಿದಳು. ಮತ್ತೆ ತಾಯಿಯನ್ನು. ಅವಳ ಬಿಗಿದ ಭುಜ ಇಳಿಯಿತು, ಬಾಯಿ ಅಗಲವಾಯಿತು. ತಿರುಗಿ ಅಮೋಘಸಿದ್ದನ ಕಡೆ ಆ ಹಾಳೆಯನ್ನು ಎಸೆದು, 'ಸರ್ ಸುಳ್ಳ,' ಎಂದಳು. 'ಸರ್ ಸುಳ್ಳ!' ಬೈಗುಳವಲ್ಲ. ಅಷ್ಟು ಸಂತೋಷವನ್ನು ಅವಳ ಮುಖದಲ್ಲಿ ಅವನು ಎಂದೂ ನೋಡಿರಲಿಲ್ಲ.

ಹೆಂಗಸರಿಗೆ ಅರ್ಥವಾಗಲಿಲ್ಲ. ಹುಡುಗಿ ನಗುತ್ತಿರುವುದನ್ನು ಕಂಡು ಅಳು ಇನ್ನೂ ಏರಿತು. ಮೂಲೆಯಲ್ಲಿದ್ದ ಅಜ್ಜಿ, 'ತಿಳೀಲಾರದ್ದೇ ಛಲೋ ಆತು ಬಿಡ್ರಿ' ಎಂದಳು. ಕಂಬಕ್ಕೆ ಒರಗಿ ಕೂತಿದ್ದ ತಂದೆ ಜಗದೇವಪ್ಪ, ಶಾಲೆಯ ಕಡೆಗೆ ಒಂದು ದಿನವೂ ಬಾರದ ಆ ಮನುಷ್ಯ, ತಲೆ ಎತ್ತಿ ಮಗಳನ್ನು ನೋಡಿ ಮತ್ತೆ ತಲೆ ತಗ್ಗಿಸಿದ. ಕಾಂತಿ ಯಾರನ್ನೂ ಲಕ್ಷಿಸಲಿಲ್ಲ. ತಾಯಿಯ ಮುಂದೆ ಮೊಣಕಾಲೂರಿ ಅಂಗೈ ತಿಕ್ಕಿದಳು. ಸದ್ದು ಬರುವಂತೆ ತಿಕ್ಕಿ, ತಾಯಿಯ ಕಣ್ಣಿನ ಮೇಲೆ ಇಟ್ಟಳು. ಕಾದಳು. ತೆಗೆದಳು. ಜಯದೇವಿ ಕಣ್ಣು ಬಿಡಲಿಲ್ಲ. ಕಾಂತಿ ಕೊರಳು ಓರೆ ಮಾಡಿ ನಕ್ಕಳು. ಅವ್ವ ಬೇಕೆಂದೇ ತಡಮಾಡುತ್ತಾಳೆ, ಅದು ಆಟ, ಯಾವಾಗಲೂ ಹಾಗೆಯೇ. ಮತ್ತೆ ತಿಕ್ಕಿದಳು, ಮತ್ತೆ ಇಟ್ಟಳು. ವಿಭೂತಿ ಅವಳ ಬೆರಳಿಗೆ ಹತ್ತಿತು. 'ಬೆಳಗಾತು,' ಎಂದಳು. ತಾಯಿ ಹೇಳಬೇಕಾದ ಮಾತನ್ನು ತಾನೇ ಹೇಳಿಕೊಟ್ಟಳು. 'ಅವ್ವ. ಬೆಳಗಾತು.' ಈಗ ಹೆಂಗಸರಿಗೆ ಅರ್ಥವಾಯಿತು. ಅಳು ಒಮ್ಮೆಲೇ ನಿಂತುಹೋಯಿತು. ಹೊರಗೆ ಭಜನೆ ಮಾತ್ರ ನಡೆದಿತ್ತು. ಯಾರಾದರೂ ಅವಳನ್ನು ಎಬ್ಬಿಸಬಹುದಾಗಿತ್ತು, ಯಾರೂ ಎಬ್ಬಿಸಲಿಲ್ಲ. ಎಲ್ಲರೂ ಅಮೋಘಸಿದ್ದನ ಕಡೆ ನೋಡಿದರು. ಕೈಯಲ್ಲಿ ಬಿಲ್ವಪತ್ರೆ ಹಿಡಿದು ನಿಂತಿದ್ದ ಮಠದ ಸ್ವಾಮಿ, ವಯಸ್ಸಾದವರು, ಮೆತ್ತಗೆ, 'ಮಾಸ್ತರ್, ನಿಮ್ಮ ಮಾತ ಕೇಳ್ತದಂತ ಕೂಸು. ನೀವರ ಹೇಳ್ರಿ' ಎಂದರು.

ಹೇಳಿದ್ದೆನಲ್ಲ, ಎಂದುಕೊಂಡ ಅವನು. ಹೇಳಿದ್ದೇ ತಪ್ಪಾಯಿತು. ಏನೂ ಹೇಳದೆ ಕರೆತಂದಿದ್ದರೆ ಅವಳು ಹೆದರುತ್ತಿದ್ದಳು, ಹೆದರಿ ಅಳುತ್ತಿದ್ದಳು, ಅಳುವುದಕ್ಕೆ ಇಲ್ಲಿ ಇಷ್ಟು ಜನರ ಜೊತೆ ಇತ್ತು. ಈಗ ಅವನ ಚಿತ್ರ ಸುಳ್ಳಾಗಿದೆ, ಮಲಗಿದವರು ಏಳುವುದಿಲ್ಲ ಎಂದು ಅವನೇ ಹೇಳಿದ್ದಾನೆ, ಅವ್ವ ಮಲಗಿಲ್ಲ, ಕೂತಿದ್ದಾಳೆ. ಕೂತು ಕಣ್ಣು ಮುಚ್ಚಿದವರು ಕಣ್ಣು ಬಿಟ್ಟೇ ಬಿಡುತ್ತಾರೆ ಎಂಬುದನ್ನೂ ಅವನೇ ದಿನದಿನವೂ ಕಲಿಸಿದ್ದಾನೆ. ಕಾಂತಿಯ ನಗು ಹೋಗಿತ್ತು. ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಕೆನ್ನೆಗೆ ಹಚ್ಚಿ ಬಿಸಿ ಇದೆಯೋ ಎಂದು ಪರೀಕ್ಷಿಸಿದಳು. ಸಿಟ್ಟಿನಿಂದ ಇನ್ನೊಮ್ಮೆ, ಚರ್ಮ ಕೆಂಪಾಗುವಂತೆ ತಿಕ್ಕಿದಳು. ಇಟ್ಟಳು. ತೆಗೆದಳು. ಆಮೇಲೆ ಎದ್ದು ಬಂದು ಅವನ ಎರಡೂ ಕೈಗಳನ್ನು ಹಿಡಿದಳು. ಅವಳು ಹಾಗೆ ಯಾರ ಕೈಯನ್ನೂ ಹಿಡಿದವಳಲ್ಲ. ಅವನ ಅಂಗೈಗಳನ್ನು ಒಂದಕ್ಕೊಂದು ಹಚ್ಚಿ, ಮೇಲಿನಿಂದ ತಾನೇ ಹಿಡಿದು ತಿಕ್ಕತೊಡಗಿದಳು. 'ಸರ್,' ಎಂದಳು. 'ಸರ್ ಮಾಡು.'

ಅವನು ಹೋದ. ಬೇರೆ ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ, ಅದಕ್ಕೇ ಹೋದ. ಲಿಂಗವಂತನಲ್ಲದ ತನ್ನಂಥವನು ಆ ಹೆಣವನ್ನು ಮುಟ್ಟಬಹುದೋ ಇಲ್ಲವೋ ಎಂಬ ಯೋಚನೆ ಬಂದು ಸ್ವಾಮಿಯ ಮುಖ ನೋಡಿದ. ಅವರು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಅಮೋಘಸಿದ್ದ ಮೊಣಕಾಲೂರಿ ಜಯದೇವಿಯ ಕಣ್ಣುಗಳ ಮೇಲೆ ಕೈ ಇಟ್ಟ. ತಣ್ಣಗಿತ್ತು, ನೀರು ತುಂಬಿಟ್ಟ ಕೊಡವನ್ನು ಮುಟ್ಟಿದ ಹಾಗೆ. ಹಿಂದೆ ಕಾಂತಿ ನೆಲದ ಮೇಲೆ ಕೂತದ್ದು ಕೇಳಿಸಿತು. ಕತ್ತು ಹೊರಳಿಸಿ ನೋಡಿದ. ಕಾಲು ಮಡಿಚಿ, ಬೆನ್ನು ನೆಟ್ಟಗೆ ಮಾಡಿ, ಕೈಗಳನ್ನು ಮಂಡಿಯ ಮೇಲಿಟ್ಟು, ಅವನು ಎಷ್ಟು ಹೇಳಿದರೂ ಒಂದು ದಿನವೂ ಕೂರದ ಹಾಗೆ ಅವಳು ಕೂತಿದ್ದಳು. ಉಸಿರನ್ನು ಒಳಗೆ ತೆಗೆದುಕೊಂಡು ಹಿಡಿದಿದ್ದಳು. ಈಗ ಸರ್ ಕೈ ತೆಗೆಯುತ್ತಾರೆ, ಅವ್ವ ಕಣ್ಣು ಬಿಡುತ್ತಾಳೆ. ಕೈ ತೆಗೆದರೆ ಅಷ್ಟೇ ಆಯಿತು. ಆಮೇಲೆ ಈ ಹುಡುಗಿ ಇನ್ನು ಯಾರ ಕಣ್ಣಿನ ಮೇಲೂ ಕೈ ಇಡುವುದಿಲ್ಲ, ಯಾರನ್ನೂ ಮುಟ್ಟುವುದಿಲ್ಲ, ಮತ್ತೆ ಆ ಬಾಗಿಲ ಚೌಕಟ್ಟಿಗೇ ಹೋಗಿ ಅಂಟಿಕೊಂಡು ನಿಲ್ಲುತ್ತಾಳೆ ಎಂಬುದು ಅವನಿಗೆ ಬಿಸಿಲಿನಷ್ಟು ಸ್ಪಷ್ಟವಾಗಿ ಗೊತ್ತಾಯಿತು. ಭಜನೆ ನಿಂತಿತು. ವಿಮಾನ ಕಟ್ಟಿ ಮುಗಿದಿರಬೇಕು, ಯಾರೋ ಬಾಗಿಲಲ್ಲಿ ಬಂದು, 'ಹೊತ್ತಾತ್ರಿ, ಎತ್ತೋಣೇನ್ರಿ?' ಎಂದು ಕೇಳಿ, ಒಳಗೆ ನೋಡಿ ಹಿಂದೆ ಸರಿದರು. ಅವನ ಅಂಗೈಯ ಬಿಸಿ ಯಾವಾಗಲೋ ಆರಿಹೋಗಿತ್ತು. ಅವನು ಕೈ ತೆಗೆಯಲಿಲ್ಲ. ಕಾಂತಿ ಉಸಿರು ಹಿಡಿದು ಕಾಯುತ್ತಿದ್ದಳು.